ಪರದೆ ಕತ್ತಲಾದ ಬೆಳಿಗ್ಗೆ

ಅಪ್ಪಾ,

ನಿನ್ನ ವಿಮಾನ ಹಾರಿತು. ಈ ಮಾತನ್ನು ಕುಣಿದಾಡುತ್ತ ಬರೆಯಬೇಕಿತ್ತು. ಆಗುತ್ತಿಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಮೇಲೆ ಸಿಟ್ಟು ಉಕ್ಕಿ ಬಂದು ಎದ್ದು ಹೋಗಿದ್ದೇನೆ. ಬದುಕಿದ್ದವರ ಜೊತೆಗಾದರೆ ಜಗಳವಾಡಬಹುದು. ನಿನ್ನ ಜೊತೆ ಹೇಗೆ ಆಡಲಿ?

ವಾಯುಪಡೆಯ ನೌಕರಿ ಮುಗಿಸಿ ಯರಗುಪ್ಪಿಗೆ ಬಂದವನೇ ನೀನು ಹತ್ತಿ ತುಂಬುವ ಶೆಡ್ಡನ್ನು ಖಾಲಿ ಮಾಡಿಸಿದ್ದು ನೆನಪಿದೆಯಾ? ಟ್ರ್ಯಾಕ್ಟರ್ ತರುತ್ತೀ ಎಂದು ಊರೆಲ್ಲ ಅಂದುಕೊಂಡಿತು. ಬಂದದ್ದು ಅಲ್ಯುಮಿನಿಯಂ ಕೊಳವೆಗಳು. ಟ್ರೇಲರ್‌ಗಳಿಗೆ ಬೆಸುಗೆ ಹಾಕುತ್ತಿದ್ದ ನಿನ್ನ ದೋಸ್ತ ಮೊದೀನ ಕಾಕಾ ಅವನ್ನು ಸವರಿ ನೋಡಿ, "ಇದು ಬಾನಿಗೆ ಹೋಗ್ತೈತೇನೋ, ಇಲ್ಲಾ ನಮ್ಮನ್ನ ಮ್ಯಾಲ ಕಳಸ್ತೈತೋ?" ಎಂದಿದ್ದರು. ಚೌಕಟ್ಟಿನ ಕೆಲಸ ಅವರದು, ಎಂಜಿನ್ ನಿನ್ನದು, ತಂತಿಗಳು ನನ್ನವು. ಹುಬ್ಬಳ್ಳಿಯ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ, ರಜೆ ಸಿಕ್ಕಾಗ ವಿಮಾನ ಹಾರಿಸಲು ಕಲಿತು, ಉಳಿದ ಹೊತ್ತೆಲ್ಲ ಆ ಶೆಡ್ಡಿನಲ್ಲೇ ಕಳೆದೆ. ಅವ್ವ ಮಾತ್ರ ಅದರ ಬಾಗಿಲು ದಾಟಲೇ ಇಲ್ಲ. ಚಹಾದ ಕೆಟಲಿಯನ್ನು ಹೊಸ್ತಿಲ ಹೊರಗಿಟ್ಟು, "ಚಾ ಇಟ್ಟೇನ್ರಿ" ಎಂದು ಕೂಗಿ ಹೋಗುತ್ತಿದ್ದಳು.

ಎಂಜಿನ್ ಚಾಲೂ ಮಾಡಿದಾಗಲೆಲ್ಲ ಪರದೆ ಆರಿ ಹೋಗುತ್ತಿದ್ದ ಆ ದಿನಗಳು... ವೇಗ, ಎತ್ತರ, ಎಂಜಿನ್ನಿನ ಕಾವು, ಉಳಿದ ಪೆಟ್ರೋಲು, ದಾರಿಯ ನಕ್ಷೆ ಎಲ್ಲವೂ ಆ ಒಂದೇ ಪರದೆಯಲ್ಲಿದ್ದವು. ಸ್ಟಾರ್ಟರ್ ಒಮ್ಮೆಲೇ ಬ್ಯಾಟರಿಯನ್ನು ಹೀರಿದ ಕೂಡಲೇ ವೋಲ್ಟೇಜ್ ಕುಸಿದು ಪರದೆ ಕಣ್ಣು ಮುಚ್ಚುತ್ತಿತ್ತು. ಅಷ್ಟರಲ್ಲಿ ನಿನ್ನ ಶ್ವಾಸಕೋಶವೂ ಕೈಕೊಟ್ಟಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು ನೀನು ಹೇಳಿದೆ: "ಲೀಲಾ, ಪರದೆಗೆ ಬ್ಯಾರೆ ಬ್ಯಾಟರಿ ಕೊಡು. ಸಣ್ಣದು. ದೊಡ್ಡದರಿಂದ ಅದಕ್ಕ ಕರೆಂಟ್ ಬರಬೇಕು, ವಾಪಸ್ ಹೋಗಬಾರದು. ನಡುವ ಡಯೋಡ್ ಹಾಕು." ಹಾಕಿದೆ. ಎಂಜಿನ್ ಗುಡುಗಿತು, ಪರದೆ ಮಿಣುಕಲೂ ಇಲ್ಲ. ಅದರ ವಿಡಿಯೊ ತಂದು ನಿನ್ನ ಮುಖದ ಮುಂದೆ ಹಿಡಿದೆ. ಆಮ್ಲಜನಕದ ಮುಖವಾಡದೊಳಗಿಂದ ನೀನು ಬಹಳ ಹೊತ್ತು ನೋಡಿದೆ. ಹೆಬ್ಬೆರಳು ಎತ್ತಲು ಹೋದೆ. ಅದು ಅರ್ಧಕ್ಕೇ...

ಹಾರಲು ಅನುಮತಿ ಸಿಕ್ಕಾಗ ನೀನು ಇರಲಿಲ್ಲ. ಹತ್ತಿ ಬಿಡಿಸಿ ಮುಗಿದು ಹೊಲಗಳು ಬಯಲಾಗಿದ್ದ ಒಂದು ಚಳಿಯ ಬೆಳಿಗ್ಗೆ, ನಿನ್ನ ಹಳೆಯ ಜಾಕೀಟು ತೊಟ್ಟು ನಾನೊಬ್ಬಳೇ ಏರಿದೆ. ಮೊದೀನ ಕಾಕಾ ಕೈಯಲ್ಲಿ ಹಿಡಿಯುವ ರೇಡಿಯೊ ಇಟ್ಟುಕೊಂಡು ವಿಮಾನ ಓಡಲೆಂದು ಹೊಲದಲ್ಲಿ ಸಮ ಮಾಡಿದ್ದ ಪಟ್ಟಿಯ ತುದಿಯಲ್ಲಿ ನಿಂತಿದ್ದರು. ಅವ್ವ ದೂರದ ಬೇವಿನ ಗಿಡದ ಕೆಳಗೆ ಈ ಕಡೆ ಬೆನ್ನು ಮಾಡಿ ಕೂತಿದ್ದಳು. ಗಾಲಿಗಳು ನೆಲ ಬಿಟ್ಟವು. ಅಪ್ಪಾ, ಆ ಮೊದಲ ಕೆಲವು ನಿಮಿಷ ಎಷ್ಟು ಚೆಂದವಿತ್ತು ಗೊತ್ತಾ? ಕೆಳಗೆ ಎರೆಭೂಮಿ, ಬದುಗಳು, ಬೆನ್ನಿಹಳ್ಳದ ಡೊಂಕು. ನಾನು ಅಳುತ್ತಿದ್ದೆ, ನಗುತ್ತಿದ್ದೆ.

ಹಳ್ಳದ ಕಡೆಯಿಂದ ಮಂಜು ಎದ್ದದ್ದನ್ನು ನಾನು ತಿರುಗಿ ನೋಡಿದಾಗಲೇ ಕಂಡದ್ದು. ಹಾಲು ಚೆಲ್ಲಿದ ಹಾಗೆ ಹರಡಿ, ಹೊಲ, ಪಟ್ಟಿ, ಊರು ಎಲ್ಲವನ್ನೂ ಮುಚ್ಚಿತ್ತು. ಹೆದರಲಿಲ್ಲ, ನಕ್ಷೆಯಿದೆ, ಎತ್ತರ ಗೊತ್ತಿದೆ, ಅದು ಕರಗುವವರೆಗೆ ಮೇಲೆಯೇ ಸುತ್ತಿದರಾಯಿತು ಎಂದುಕೊಂಡೆ. ಆಗ ಸುಟ್ಟ ವಾಸನೆ ಬಂತು. ಪರದೆ ಒಮ್ಮೆ ಝಗ್ಗೆಂದು ಕಪ್ಪಾಯಿತು. ಸ್ವಿಚ್ ಆರಿಸಿ ಹಾಕಿದೆ. ಇಲ್ಲ. ನೀನು ಹೇಳಿ ಹಾಕಿಸಿದ ಸಣ್ಣ ಬ್ಯಾಟರಿ ಇದೆಯಲ್ಲ, ಈಗ ಹತ್ತುತ್ತದೆ, ಈಗ... ಹತ್ತಲಿಲ್ಲ. ಎಂಜಿನ್ನಿಗೆ ಕಿಡಿ ಕೊಡುವ ತಂತಿ ಬೇರೆಯದೇ ಆದ್ದರಿಂದ ಅದೊಂದು ಓಡುತ್ತಿತ್ತು. ಎಷ್ಟು ಎತ್ತರದಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ, ಪೆಟ್ರೋಲು ಎಷ್ಟಿದೆ, ಯಾವುದೂ ತಿಳಿಯದು. ಫೋನು ಶೆಡ್ಡಿನಲ್ಲಿ ಚಾರ್ಜಿಗಿತ್ತು. ಕೊರಳಲ್ಲಿ ತೂಗುತ್ತಿದ್ದ ಕೈ-ರೇಡಿಯೊ ಒಂದೇ ನನಗಿದ್ದ ಆಧಾರ.

"ಕಾಕಾ, ಪರದೆ ಹೋತು. ನೆಲಾ ಕಾಣವಲ್ದು" ಎಂದೆ. ಕಾಕಾ ಕೂಗಿಕೊಂಡರು: "ಹೆದರಬ್ಯಾಡ ಬೇಟಾ, ಹೊಗಿ ಎಬ್ಬಸ್ತೀನಿ, ಅದರ ಸುತ್ತ ಇರು!" ಆಮೇಲೆ ಗರಗರ ಸದ್ದು. ಆಮೇಲೆ ಯಾರದೋ ಏದುಸಿರು. "ಲೀಲಾ, ಈ ಡಬ್ಬಿ ಕೊಟ್ಟು ಮೊದೀನ ಹತ್ತೀಕಟಗೀ ಬಣವಿ ಕಡೆ ಓಡ್ಯಾನ. ಗುಂಡಿ ಒತ್ತಿ ಮಾತಾಡಂತ ಹೇಳ್ಯಾನ. ಕೇಳಸ್ತೈತೇನು?" ಅವ್ವ. ನಿನ್ನ ರೇಡಿಯೊವನ್ನು ಒಂದು ಸಲವೂ ಮುಟ್ಟದಿದ್ದ ಅವ್ವ.

"ಅವ್ವಾ, ನಾ ಎಲ್ಲದೀನಿ ಗೊತ್ತಾಗವಲ್ದು."

"ನಿನ್ನ ಸಪ್ಪಳ ಕೇಳಸಾಕತ್ತೈತಿ. ಕುಂದಗೋಳ ರಸ್ತೆ ಕಡೆಗೈತಿ. ಹೊಳ್ಳಿ ಬಾ. ಹಾಂ, ಜೋರ ಆತು. ಈಗ ನನ್ನ ತಲೀ ಮ್ಯಾಲಿಂದ ಹೋದಿ. ದೂರ ಹೋಗಬ್ಯಾಡ, ಹೋಗಬ್ಯಾಡ..."

ಆ ಬಿಳಿಯ ಮೇಲೆ ಎಷ್ಟು ಸಲ ಸುತ್ತಿದೆನೋ ಗೊತ್ತಿಲ್ಲ. ಎಂಜಿನ್ ಒಮ್ಮೆ ಕೆಮ್ಮಿದಂತಾದರೆ ಪೆಟ್ರೋಲು ಮುಗಿಯಿತೆಂದೇ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಂಜಿನ ಮೈಯನ್ನು ತೂರಿಕೊಂಡು ಕಪ್ಪು ಹೊಗೆ ಎದ್ದಿತು. ಕಾಕಾ ಉರಿಯುವ ಹತ್ತಿಕಟ್ಟಿಗೆಯ ಮೇಲೆ ಹಳೆಯ ಟೈರು ಎಸೆದಿದ್ದರು. ಅದನ್ನು ಬಿಡದೆ ಸುತ್ತಿದೆ. ಬಿಸಿಲು ಏರಿ ಬಿಳಿ ಅಲ್ಲಲ್ಲಿ ಹರಿದಾಗ ಪಟ್ಟಿಯ ಒಂದು ತುಂಡು ಕಂಡಿತು. ಮತ್ತೆ ಮುಚ್ಚಿಕೊಳ್ಳುವ ಮೊದಲು ಇಳಿಯಲೇಬೇಕು. ವೇಗ ಕಡಿಮೆಯಾದರೆ ಕಲ್ಲಿನಂತೆ ಬೀಳುತ್ತೇನೆ. ಹಾಗಾಗಿ ರೆಕ್ಕೆ ಬಿಗಿದ ತಂತಿಗಳು ಕಿರುಚುವಷ್ಟು ಜೋರಾಗಿಯೇ ಇಳಿಸಿದೆ. ನೆಲ ಬಡಿಯಿತು. ಪಟ್ಟಿ ಮುಗಿದು ಉತ್ತ ಹೊಲಕ್ಕೆ ನುಗ್ಗಿ, ಮುಂದಿನ ಗಾಲಿ ಮುರಿದು, ಮೂತಿ ಮಣ್ಣಿಗೆ ಊರಿ ವಿಮಾನ ನಿಂತಿತು.

ಅವ್ವ ಬರಿಗಾಲಲ್ಲಿ ಓಡಿ ಬಂದಳು. ರೇಡಿಯೊದ ಗುಂಡಿಯನ್ನು ಇನ್ನೂ ಒತ್ತಿಯೇ ಹಿಡಿದಿದ್ದಳು. ನನ್ನ ಹಣೆಯ ರಕ್ತ ನೋಡಿ ಅಳಲಿಲ್ಲ. "ಇಳಿ. ಮೊದ್ಲ ಕೆಳಗಿಳಿ" ಎಂದಳು. ಇಳಿದ ಮೇಲೆ ನನ್ನ ಜಾಕೀಟನ್ನು, ಅಂದರೆ ನಿನ್ನ ಜಾಕೀಟನ್ನು, ಎರಡೂ ಕೈಯಿಂದ ಹಿಡಿದು ಜಗ್ಗಾಡಿದಳು. "ಒಬ್ಬರು ಹೋಗಿದ್ದು ಸಾಲಲಿಲ್ಲೇನು? ಸಾಲಲಿಲ್ಲೇನಬೇ ನಿನಗ?"

ಮರುದಿನ ಶೆಡ್ಡಿನಲ್ಲಿ ಎಲ್ಲವನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಗೊತ್ತಾಯಿತು. ಎಂಜಿನ್ನಿನಿಂದ ಬರುವ ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರ್ ಸುಟ್ಟಿತ್ತು. ಅದು ಕೆಟ್ಟು ಕರೆಂಟು ನಿಂತಿದ್ದರೆ ನಿನ್ನ ಸಣ್ಣ ಬ್ಯಾಟರಿ ನನ್ನನ್ನು ಕಾಯುತ್ತಿತ್ತು. ಆದರೆ ನಿಲ್ಲಲಿಲ್ಲ ಅಪ್ಪಾ, ಲಗಾಮಿಲ್ಲದೆ ಏರಿತು. ಏರಿದ ವೋಲ್ಟೇಜಿಗೆ ಡಯೋಡ್ ತಡೆಯೇ ಅಲ್ಲ, ಅದು ತೆರೆದ ಬಾಗಿಲು. ಸಣ್ಣ ಬ್ಯಾಟರಿ ಉಬ್ಬಿತ್ತು, ಪರದೆಯ ಒಳಗೆಲ್ಲ ಕರಕಲು. ಕರೆಂಟು ಕಡಿಮೆಯಾದರೆ ಏನು ಮಾಡಬೇಕು ಎಂದು ನಾವಿಬ್ಬರೂ ಅಷ್ಟು ದಿನ ತಲೆ ಕೆಡಿಸಿಕೊಂಡೆವು. ಹೆಚ್ಚಾದರೆ? ನೀನು ಯಾಕೆ ಅದನ್ನು ಕೇಳಲಿಲ್ಲ? ಜೀವನವಿಡೀ ವಿಮಾನಗಳ ಮಾಪಕದ ಮುಳ್ಳು ನೋಡಿದವನು ನೀನು. ಯಾಕಪ್ಪಾ? ಉಬ್ಬಿದ ಬ್ಯಾಟರಿಯನ್ನು ಗೋಡೆಗೆ ಎಸೆದು ಕೂಗಾಡಿದೆ. ಬಾಗಿಲಲ್ಲಿದ್ದ ಮೊದೀನ ಕಾಕಾ ನನ್ನನ್ನು ತಡೆಯಲಿಲ್ಲ. "ಒದರು ಬೇಟಾ. ಅಂವ ಇದ್ದಿದ್ರ ಅಂವನೂ ಹಿಂಗ ಒದರ್ತಿದ್ದ, ತನ್ನ ಮ್ಯಾಲ" ಎಂದರು. ಉಸಿರೇ ಸಾಲದಿದ್ದ ನಿನಗೆ ಇನ್ನೂ ಎಷ್ಟು ಯೋಚಿಸು ಎನ್ನಲಿ? ಗೊತ್ತು. ಆದರೂ ಸಿಟ್ಟು ಹೋಗುವುದಿಲ್ಲ.

ವಿಮಾನವನ್ನು ಮುರಿದು ಹಾಕುತ್ತೇನೆ ಎಂದು ಊಟದ ಹೊತ್ತಿಗೆ ಅವ್ವನಿಗೆ ಹೇಳಿದೆ. ಸಮಾಧಾನಪಡುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಅವರು ಮಾಡಿದ್ದನ್ನ ಮುರ್ಯಾಕ ನೀ ಯಾರು? ಎಲ್ಲಿ ತಪ್ಪೈತಿ ಅದನ್ನ ಸುಧಾರಸು. ಆಮ್ಯಾಲ ಹಾರೂದು ಬಿಡೂದು ನಿನಗ ಬಿಟ್ಟಿದ್ದು. ನಂದು ಒಂದ ಮಾತು, ಆ ಪರದಿ ಮತ್ತ ಆರಬಾರದು."

ಈಗ ವೋಲ್ಟೇಜ್ ಮಿತಿ ಮೀರಿದ ಕ್ಷಣವೇ ಎಂಜಿನ್ನಿನ ಕರೆಂಟನ್ನು ಕತ್ತರಿಸುವ ರಿಲೇ ಹಾಕಿದ್ದೇನೆ. ಬೇಕೆಂದೇ ಹೆಚ್ಚು ವೋಲ್ಟೇಜ್ ಕೊಟ್ಟು ನೋಡಿದೆ. ಟಕ್ಕೆಂದು ಕಡಿಯುತ್ತದೆ, ಹೊಸ ಪರದೆ ಸಣ್ಣ ಬ್ಯಾಟರಿಯ ಮೇಲೆ ಉರಿಯುತ್ತಲೇ ಇರುತ್ತದೆ. ಗಾಳಿಯ ಒತ್ತಡದಿಂದಲೇ ನಡೆಯುವ, ಕರೆಂಟೇ ಬೇಡದ, ವೇಗ ತೋರಿಸುವ ಮುಳ್ಳೊಂದನ್ನೂ ಕೂಡಿಸಿದ್ದೇನೆ. ಗಾಲಿಯನ್ನು ಕಾಕಾ ಹೊಸದಾಗಿ ಬೆಸೆದಿದ್ದಾರೆ. ಎಲ್ಲ ಸರಿ ಇದೆ. ಆ ಸೀಟಿನಲ್ಲಿ ಕೂತರೆ ಮಾತ್ರ ಎಂಜಿನ್ ಚಾಲೂ ಮಾಡದೆಯೇ ಇಳಿದು ಬರುತ್ತೇನೆ. ಹಾರುತ್ತೇನೆ ಎಂದು ನಿನಗೆ ಮಾತು ಕೊಡಲಾರೆ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಹೊಗೆ ಏಳುವ ಮೊದಲು, ಇನ್ನು ಮುಗಿಯಿತು ಅನ್ನಿಸಿದಾಗ, ನನಗೇ ತಿಳಿಯದೆ ರೇಡಿಯೊದ ಗುಂಡಿ ಒತ್ತಿ "ಅಪ್ಪಾ" ಎಂದೆ. "ಅಪ್ಪಾ, ಅಪ್ಪಾ" ಎಂದು ಕರೆಯುತ್ತಲೇ ಇದ್ದೆ.

ಕೆಳಗಿನಿಂದ ಅವ್ವ ಓಗೊಟ್ಟಳು. "ಹೂಂ. ಇಲ್ಲೇ ಅದೀನಿ, ಹೇಳು."

ನಿನ್ನ,
ಲೀಲಾ