ಪಟ್ಟಿಯಲ್ಲಿ ಉಳಿದ ಹೆಸರು

೧೨ ನವೆಂಬರ್, ಬುಧವಾರ

ಆ ಹೆಸರನ್ನು ಪಟ್ಟಿಯಿಂದ ತೆಗೆಸಬೇಕಿತ್ತು. ತೆಗೆಸಲಿಲ್ಲ. ಎಂಥ ದಡ್ಡಿ ನಾನು!

ಏಳು ವರ್ಷದ ಹಿಂದೆ, ವಿಕ್ಟರ್ ಮನೆ ಬಿಟ್ಟುಹೋದ ವಾರ, ಅತ್ತುಕೊಂಡು ಹೋಗಿ ಹಲಸೂರಿನ ನಮ್ಮ ಚರ್ಚ್ ಸಭೆಯ ಪ್ರಾರ್ಥನಾ ಪಟ್ಟಿಯಲ್ಲಿ ನಾನೇ ಬರೆಸಿದ್ದೆ: ‘ಗಂಡ ವಿಕ್ಟರ್ ಮನೆಗೆ ಮರಳಲಿ.’ ಆಮೇಲೆ ನಿಧಾನವಾಗಿ ನಿದ್ದೆ ಬರತೊಡಗಿತು. ಕುಡಿದು ಬಂದು ಅವನು ಮುರಿದಿದ್ದ ಮಗಳು ಕೆಜಿಯಾಳ ಕೈ ಕೂಡಿಕೊಂಡಿತು, ಪೂರ್ತಿ ನೆಟ್ಟಗಾಗದಿದ್ದರೂ. ಅವನು ಮರಳಲೆಂದು ದೇವರನ್ನು ಕೇಳುವುದನ್ನು ನಾನು ನಿಲ್ಲಿಸಿದೆ. ಸಭೆಯವರು ನಿಲ್ಲಿಸಲಿಲ್ಲ. ಪ್ರತಿ ಬುಧವಾರ ಜ್ಞಾನಮ್ಮ ಆಂಟಿ ಆ ಹೆಸರು ಓದುವರು. ಬೇಡ ಅನ್ನಲು ನಾಚಿಕೆಯಾಗಿ ನಾನೂ ಆಮೆನ್ ಅನ್ನುವೆ.

ಇವತ್ತು ಸಂಜೆ ಆಂಟಿ ನನ್ನ ಎರಡೂ ಕೈ ಹಿಡಿದುಕೊಂಡರು.

“ವಿಕ್ಟರ್ ಪಾಸ್ಟರ್‌ಗೆ ಫೋನ್ ಮಾಡಿದ್ರು ಕಣಮ್ಮ! ಭಾನುವಾರ ಬರ್ತಾರಂತೆ. ಇಷ್ಟು ದಿನ ಮಾರತ್ತಹಳ್ಳೀಲೇ ಇದ್ರಂತೆ.”

“ಕುಡಿಯೋದು ಬಿಟ್ಟಿದ್ದಾರಾ ಆಂಟಿ?”

“ದೇವ್ರು ಕೊಟ್ಟಾಗ ಹಾಗೆಲ್ಲ ಪರೀಕ್ಷೆ ಮಾಡ್ಬಾರ್ದು. ಕೈ ಚಾಚಿ ತಗೋಬೇಕು. ನೀನು ಮನೆ ಬದಲಾಯಿಸಿದ್ದೀಯಲ್ಲ, ಪಾಸ್ಟರೇ ಅಡ್ರೆಸ್ ಕೊಟ್ರು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಭಾನುವಾರ ನಾನು ಎದ್ದುನಿಂತು, ದೇವರು ಪ್ರಾರ್ಥನೆ ಕೇಳಿದನೆಂದು ಸಾಕ್ಷಿ ಹೇಳಬೇಕಂತೆ.

ಮನೆಗೆ ಬಂದು ಕೆಜಿಯಾಗೆ ಹೇಳಿದೆ. ಅವಳು ಅಕ್ಕಿ ಡ್ರಮ್ಮನ್ನು ಎಳೆದು ಬಾಗಿಲಿಗೆ ಒತ್ತಿಟ್ಟಳು. ಈಗಲೂ ಅದರ ಮೇಲೇ ಕೂತಿದ್ದಾಳೆ.

ಕರ್ತನೇ ಎಂದು ಪ್ರಾರ್ಥನೆ ಶುರು ಮಾಡಿ, ಅಲ್ಲಿಗೇ ನಿಲ್ಲಿಸಿದೆ. ಕೇಳಿದರೆ ಕೊಟ್ಟುಬಿಡುತ್ತಾನೆ.

“ಬಂದು ಮಲಗು, ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ” ಎಂದೆ.

“ಡ್ಯಾಡಿ ಯಾವತ್ತು ಹೇಳಿದ ದಿನ ಬಂದಿದ್ದಾರೆ, ಮಮ್ಮಿ?”