ಶ್ರೀತಾಳೆ ಮೊಳಕೆಯೊಡೆದ ಸುದ್ದಿ

ವಂಡ್ಸೆ
ನವೆಂಬರ್ 6, ಶುಕ್ರವಾರ

ಪ್ರೀತಿಯ ಅತ್ತೆ,

ಮೊಳಕೆ ಬಂತು, ನಮ್ಮ ಶ್ರೀತಾಳೆಯ ಬೀಜ ಮೊಳಕೆ ಒಡೆಯಿತು! ಹೇಗೆ ಗೊತ್ತಾಯಿತು ಎಂದು ಈಗಲೇ ಕೇಳಬೇಡಿ. ಅಯ್ಯೋ, ಮೊದಲು ನಿಮ್ಮ ಆರೋಗ್ಯ ವಿಚಾರಿಸಬೇಕಿತ್ತು. ಮಂಡಿನೋವು ಹೇಗಿದೆ? ಮುಂಬಯಿ ಮನೆಯ ಲಿಫ್ಟ್ ಸರಿಯಾಯಿತಾ? ರಮಿತಾ ಅತ್ತಿಗೆ ಬಾಣಂತಿ ಊಟವನ್ನು ಸರಿಯಾಗಿ ಮಾಡುತ್ತಾರಾ? ಮಗು ಈಗಲೂ ಸ್ನಾನದ ನೀರು ಕಂಡರೆ ಊರು ಒಂದು ಮಾಡುತ್ತದಾ? ಇಲ್ಲಿ ನಿಮ್ಮ ಮಗ ನನ್ನ ಸಾರಿನಲ್ಲಿ ತಪ್ಪು ಹುಡುಕುತ್ತಾ ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ!

ನಮ್ಮ ಮದುವೆ ನಿಶ್ಚಯವಾದ ವರ್ಷವೇ ಆ ಮರ ಹೂ ಬಿಟ್ಟಿತಲ್ಲ. ಆಯಸ್ಸಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಮರ, ಮನೆಗೆ ಕೇಡು, ಸೊಸೆ ಬರುವ ಮೊದಲೇ ಕಡಿಸಿ ಎಂದು ಊರೆಲ್ಲ ಹೇಳಿದಾಗ ನೀವು, "ಹೂ ಬಿಟ್ಟದ್ದ್ ಮರ, ಆ ಹೆಣ್ಣ್ ಎಂತ ಮಾಡಿತ್?" ಅಂದಿರಂತೆ. ಇವರು ಅದನ್ನು ಹೇಳಿದ ದಿನವೇ ನೀವು ನನಗೆ ತುಂಬ ಇಷ್ಟವಾಗಿಬಿಟ್ಟಿರಿ. ಈಗ ಮರ ಪೂರ್ತಿ ಒಣಗಿದೆ. ಉದುರಿದ ಕಾಯಿಗಳೆಲ್ಲ ಮಳೆನೀರಿಗೆ ಹೊಳೆ ಸೇರಿದವು. ನೀವು ಹೂತ ಇನ್ನೂರು ಬೀಜ ಬಿಟ್ಟರೆ ಆ ಮರದ್ದು ಇನ್ನೇನೂ ಉಳಿದಿಲ್ಲ. ಬೈಂದೂರಿನ ಹೋಟೆಲಿನ ಮನೀಷ್ ಗೇಟಿನ ದಾರಿಗುಂಟ ನೆಡಲು ಐವತ್ತು ಸಸಿ ಕೇಳಿದ್ದಾರೆ. ಬ್ರಹ್ಮಾವರದ ತೆಂಗಿನ ತೋಟದವರೊಬ್ಬರಿಗೆ ಬೇಲಿಯ ಬದಿಗೆ ಮೂವತ್ತು ಬೇಕಂತೆ. ನಾನು ಎಲ್ಲರಿಗೂ ಹೂಂ ಅಂದುಬಿಟ್ಟೆ! ಪಕ್ಕದ ಮನೆಯ ಗುಲಾಬಕ್ಕ ದಿನಾ ಬೇಲಿಯಾಚೆಯಿಂದ, "ಹ್ವಾಯ್, ಸತ್ತ್ ಮರಕ್ಕೆ ಮಕ್ಕಳ್ ಹುಟ್ಟಿದ್ವಾ?" ಎಂದು ಕೇಳುತ್ತಾರೆ. ನಗುತ್ತಾ ಒಳಗೆ ಹೋಗಿಬಿಡುತ್ತೇನೆ.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು, ಅತ್ತಿಗೆಗೆ ನೆನಪು, ನಿಮ್ಮ ಕಾಲಿಗೆ ಬಿದ್ದು ನಮಸ್ಕಾರ.

ನಿಮ್ಮ ಸೊಸೆ
ಸೌಮ್ಯಶ್ರೀ

ತಾ.ಕ.: ಮೇಲೆ ಬರೆಯಲು ಹೆದರಿದೆ. "ನೀರ್ ಹಾಕ್, ಮುಟ್ಬೇಡ ಹೆಣ್ಣೇ" ಎಂದು ಹೇಳಿಹೋಗಿದ್ದಿರಿ. ನಾನು ಮುಟ್ಟಿದೆ. ಇಷ್ಟು ದಿನವಾದರೂ ಮಣ್ಣಿನ ಮೇಲೆ ಏನೂ ಕಾಣದ್ದಕ್ಕೆ ಮೊನ್ನೆ ಒಂದನ್ನು ಅಗೆದು ನೋಡಿದರೆ ಮೊಳಕೆ ಕೆಳಕ್ಕೆ ಹೊರಟಿತ್ತು! ನನ್ನ ಶಾಲೆಯ ಪುಸ್ತಕದ ಚಿತ್ರದಲ್ಲಿ ಅದು ಮೇಲಕ್ಕೇ ಇತ್ತು. ನೀವು ಅವಸರದಲ್ಲಿ ತಲೆಕೆಳಗಾಗಿ ಹೂತಿದ್ದೀರಿ (ಕ್ಷಮಿಸಿ, ಕ್ಷಮಿಸಿ) ಎಂದುಕೊಂಡು ಒಂದೊಂದನ್ನೇ ಮಗುಚಿಟ್ಟೆ. ನೂರನಲವತ್ತು ಆದ ಮೇಲೆ ತೋಟದ ಕೆಲಸದ ಕುಷ್ಟ ಬಂದು, "ಅಯ್ಯೋ ಸಣ್ಣಮ್ಮ, ಅದ್ ಮೊದ್ಲ್ ಕೆಳ್ಗೇ ಹೋಯ್ಕ್, ಎಲೆ ಆಮೇಲೆ ಬಪ್ದ್!" ಎಂದು ತಲೆ ಚಚ್ಚಿಕೊಂಡ. ಕೆಲವು ತುಂಡಾಗಿವೆ. ಉಳಿದವನ್ನು ಮತ್ತೆ ತಿರುಗಿಸುವುದಾ, ಹಾಗೇ ಬಿಡುವುದಾ, ಅವನಿಗೂ ತಿಳಿಯದು. ನೀವೇ ಬಂದು ನೋಡಬೇಕು, ಅತ್ತೆ. ಫೋನಿನಲ್ಲಿ ಹೇಳಿದರೆ ಅತ್ತುಬಿಡುತ್ತೇನೆ, ಅತ್ತಿಗೆ ಗಾಬರಿಯಾಗುತ್ತಾರೆ. ನೀವು ಇಲ್ಲಿರುವಷ್ಟು ದಿನ ಅಲ್ಲಿ ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಅದರ ತಲೆ ಯಾವ ಕಡೆ ಎಂದು ನನಗೆ ಗೊತ್ತಿದೆ. ಊರಿಗೆ ಬರುವ ನಿಮ್ಮ ಟಿಕೆಟನ್ನು ಇವರು ಮಾಡಿಸಿದ್ದಾರೆ. ಬೈಯುವುದನ್ನೆಲ್ಲ ಸ್ಟೇಷನ್ನಿನಲ್ಲೇ ಬೈದುಬಿಡಿ: ಗುರುವಾರ ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಶುಕ್ರವಾರ ಬೆಳಿಗ್ಗೆ ಠಾಣೆಯಲ್ಲಿ ಇಳಿಯುತ್ತೇನೆ.