ಎರಡನೆಯ ಲೈಸೆನ್ಸ್

ಏಪ್ರಿಲ್ 22

ಇವತ್ತೂ ಕೈ ತಪ್ಪಿತು. ಗೇರ್ ಎಡಕ್ಕಿದೆ, ಬಲಗೈ ಹೋಗಿ ಬಾಗಿಲಿಗೆ ಬಡಿಯುತ್ತದೆ. ಒಮಾನ್ ಬಿಟ್ಟು ಬಂದರೂ ಕೈ ಇನ್ನೂ ಅಲ್ಲೇ ಇದೆ. ಅಂಕೋಲೆಯಲ್ಲಿ ಡ್ರೈವಿಂಗ್ ಕಲಿಸುವ ಮಧುಕರ ನಗುತ್ತಾನೆ. "ಮಸ್ಕತ್ತಲ್ಲಿ ಲಾರಿ ಓಡ್ಸ್ದವ್ಗೆ ನಾ ಎಂತಾ ಕಲ್ಸೂದು ಮಾರಾಯಾ?"

ಇಲ್ಲಿಯ ಲೈಸೆನ್ಸ್ ಎಂದೂ ಮಾಡಿಸಿರಲಿಲ್ಲ. ಹೆಲ್ಪರ್ ಆಗಿ ಹೋದವನು, ಕಲಿತದ್ದೇ ಅಲ್ಲಿ. ಅಲ್ಲಿಯದನ್ನು ಪೊಲೀಸರು ಕಿತ್ತುಕೊಂಡರು — ಸ್ಟೇರಿಂಗ್ ಹಿಡಿದಾಗಲೇ ಫಿಟ್ಸ್ ಬಂದು ಲಾರಿ ಡಿವೈಡರ್ ಹತ್ತಿದ ಮೇಲೆ. ಯಾರೂ ಸಾಯಲಿಲ್ಲ. ಕಂಪನಿ ಮನೆಗೆ ಕಳಿಸಿತು.

ಏಪ್ರಿಲ್ 30

ಅಣ್ಣ ದೋಣಿಗೆ ಬೇಡ ಎಂದ. "ನೀರಲ್ಲಿ ಫಿಟ್ಸ್ ಬಂದ್ರೆ ನಾ ಬಲೆ ಹಿಡೀಲಾ, ನಿನ್ನ ಹಿಡೀಲಾ?"

ಸಿಟ್ಟು ಬರಲಿಲ್ಲ. ಸರಿಯಾಗಿಯೇ ಹೇಳಿದ. ಚಂಪಾ ಒಬ್ಬಳೇ ಮೀನು ಮಾರಿ ಮನೆ ನಡೆಸುತ್ತಾಳೆ. ಎಷ್ಟು ದಿನ ಹೆಂಡತಿಯ ಅನ್ನ... ಊರಿನ ಸುಜಯ ಶಾಲೆ ಮಕ್ಕಳಿಗೆ ವ್ಯಾನ್ ಇಟ್ಟಿದ್ದಾನೆ, ಅದಕ್ಕೆ ಡ್ರೈವರ್ ಬೇಕಂತೆ.

ಮಧುಕರನಿಗೆ ಫಿಟ್ಸ್ ವಿಷಯ ಹೇಳಿದೆ. "ಕೇಳ್ದ್ರೆ ಇಲ್ಲ ಅನ್ನು ಕಿಶನ. ಮುಖದ ಮೇಲೆ ಬರ್ಕಂಡಿದ್ಯಾ?"

ಮೇ 16

ಕಾರವಾರದಲ್ಲಿ ಟೆಸ್ಟ್. ಕೇಳಿದರು. ಇಲ್ಲ ಅಂದೆ.

ಎಂಟು ಹಾಕಿದೆ, ರಸ್ತೆಯಲ್ಲಿ ಒಂದು ಸುತ್ತು. ಪಾಸ್. ಮಸ್ಕತ್ತಿನ ಟೆಸ್ಟಿನಲ್ಲಿ ಸಾಲಾಗಿಟ್ಟ ಡ್ರಮ್ಮುಗಳ ನಡುವೆ ರಿವರ್ಸ್ ಹೋಗಲಾರದೆ ಮತ್ತೆ ಮತ್ತೆ ಫೇಲಾಗಿದ್ದೆ. ಪಾಸಾದ ದಿನ ರೂಮಿನವರಿಗೆಲ್ಲ ಬಿರಿಯಾನಿ ತಿನ್ನಿಸಿದ್ದೆ. ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಚಹಾ ಕುಡಿದೆ.

ಮೇ 29

ನಿನ್ನೆ ಫಿಟ್ಸ್ ಬಂತಂತೆ. ಅಂಗಳದಲ್ಲಿ. ಮಾತ್ರೆ ತಪ್ಪಿಸಿರಲಿಲ್ಲ. ಕಣ್ಣು ಬಿಟ್ಟಾಗ ಚಂಪಾಳ ಕೈಯ ಮೀನಿನ ವಾಸನೆ, ಬಾಯಲ್ಲಿ ರಕ್ತ. ಪುಣ್ಯಕ್ಕೆ ಮಗಳು ಮನೆಯಲ್ಲಿರಲಿಲ್ಲ.

ಕಾರ್ಡ್ ಬರುವುದು ತಡವಾದರೂ ಶಾಲೆ ಶುರುವಾದ ದಿನದಿಂದಲೇ ವ್ಯಾನ್ ಓಡಿಸು ಎಂದಿದ್ದಾನೆ ಸುಜಯ. ಅವನಿಗೆ ಹೇಳಬೇಕು. ನಾಳೆ.

ಜೂನ್ 3, ಸಂಜೆ

ಹೇಳಿರಲಿಲ್ಲ.

ಬೆಳಿಗ್ಗೆ ವ್ಯಾನನ್ನು ಮನೆ ಮುಂದೆ ತಂದು ನಿಲ್ಲಿಸಿದೆ. ಮೊದಲು ನನ್ನ ಮಗಳೇ ಹತ್ತಲಿ ಅಂತ. ಮಾನಸಾ ಚೀಲ ಹಾಕಿಕೊಂಡು ಓಡಿ ಬಂದಳು. ಚಂಪಾ ಹಿಂದಿನಿಂದ ಅವಳ ರಟ್ಟೆ ಹಿಡಿದಳು.

"ಅವ್ಳು ಬಸ್ಸಿಗೆ ಹೋಗ್ಲಿ."

"ಯಾಕೆ?" ಎಂದೆ. "ನಾನೂ ಅದೇ ಶಾಲಿಗೆ ಹೋಗೂದಲ್ವಾ?"

"ಯಾಕೆ ಅಂತ ನಿಮ್ಗೆ ಗೊತ್ತಿಲ್ವಾ?"

ದನಿ ಏರಿಸಲೂ ಇಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹೊರಟುಬಿಡುತ್ತಿದ್ದೆನೇನೋ. ಉಳಿದ ಮಕ್ಕಳು ಬೆಳಂಬಾರದ ಕ್ರಾಸಿನಲ್ಲಿ ಕಾಯುತ್ತಿದ್ದರು. ಅವರ ತಾಯಂದಿರಿಗೆ ಏನೂ ಗೊತ್ತಿಲ್ಲ. ಇಂಜಿನ್ ಆಫ್ ಮಾಡಿದೆ. ಸುಜಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಯಾರದೋ ಬೈಕಿನ ಹಿಂದೆ ಕೂತು ಬಂದ. "ಮೊದ್ಲೇ ಬಾಯಿ ಬಿಡೂಕೆ ಎಂತಾ ಆಗಿತ್ತು ನಿಂಗೆ?" ಕೀ ಕಸಿದುಕೊಂಡು ತಾನೇ ಓಡಿಸಿಕೊಂಡು ಹೋದ.

ಚಂಪಾ ಬುಟ್ಟಿ ಎತ್ತಿಕೊಂಡು ಪೇಟೆಗೆ ನಡೆದಳು. ನಾನು ಅಂಗಳದಲ್ಲೇ ನಿಂತಿದ್ದೆ, ಬಿಸಿಲೇರುವವರೆಗೆ.

ಜೂನ್ 14

ಪೋಸ್ಟಿನಲ್ಲಿ ಕಾರ್ಡ್ ಬಂತು. ಹತ್ತು ವರ್ಷ ನಡೆಯುತ್ತದಂತೆ. ಫೋಟೋ ಚೆನ್ನಾಗಿದೆ — ಆರೋಗ್ಯವಂತನ ಹಾಗೆ ಕಾಣುತ್ತೇನೆ.

ಮಾನಸಾ ಕಾರ್ಡ್ ಹಿಡಿದುಕೊಂಡು ಮನೆಯೆಲ್ಲ ಕುಣಿದಳು. "ಅಪ್ಪಾ, ಈಗ ನಮ್ಮನ್ನ ಎಲ್ಲಿಗೆ ಕರ್ಕಂಡ್ ಹೋಗ್ತಿ?"

ಚಂಪಾ ಮೀನು ಕೊಯ್ಯುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು. ನಾನು ಕಾರ್ಡ್ ಇಸಿದುಕೊಂಡು ಪೆಟ್ಟಿಗೆಯ ತಳದಲ್ಲಿಟ್ಟೆ. "ಕಾರವಾರಕ್ಕೆ," ಅಂದೆ. "ಬಸ್ಸಿಗೆ ಹೋಗ್ವಾ."